ಮಲಗಿದ ಮನೆಯನ್ನು ಎಬ್ಬಿಸುವ ಡಂಗುರ

(ವಿಪತ್ತಿನ ಮುನ್ನೆಚ್ಚರಿಕೆಯಲ್ಲಿ ಟಿ.ವಿ. ತಂತ್ರಜ್ಞಾನದ ಪಾತ್ರ ಕುರಿತ ಉಪನ್ಯಾಸದ ಪಠ್ಯ)



'ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ' ಎಂಬ ಗಾದೆ ಕುಮಟಾ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಗೋಕರ್ಣಕ್ಕೆ ಹೋಗಿ ಪೂಜೆ ಪುನಸ್ಕಾರ ಮಾಡಿಸಲು ಕೈಯಲ್ಲಿ ಹಣ ಬೇಕು. ಕಾಡು, ಹಳ್ಳ, ಏರು ದಾಟಿ ಯಾಣಕ್ಕೆ ನಡೆಯಲು ಮೈಯಲ್ಲಿ ಕಸುವು ಬೇಕು ಎಂಬುದು ಅದರ ಅರ್ಥ. ಇಂದು ಯಾಣಕ್ಕೆ ರಸ್ತೆ ಇದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನೂ 90 ಮೀಟರ್ ಎತ್ತರದ ಮೋಹಿನಿ ಶಿಖರವನ್ನೂ ನೋಡಲು ಜನ ವಾಹನಗಳಲ್ಲೇ ಬರುತ್ತಾರೆ. ಮನುಷ್ಯ ಅಲ್ಲಿಗೆ ತಲುಪುವುದು ಸುಲಭವಾಗಿದೆ. ಆದರೆ ಒಂದು ಮಾತು ಅಲ್ಲಿಗೆ ತಲುಪುವುದು ಅಷ್ಟೇ ಸುಲಭವೇ? 'ಇವತ್ತು ರಾತ್ರಿ ಗುಡ್ಡದ ಬುಡದಲ್ಲಿ ಮಲಗಬೇಡಿ' ಎಂಬ ಒಂದೇ ಒಂದು ಮಾತು, ಸುರಿಯುವ ಮಳೆಯಲ್ಲಿ, ಕರೆಂಟು ಹೋದ ಮಧ್ಯರಾತ್ರಿಯಲ್ಲಿ, ಆ ಕಣಿವೆಯ ಕೊನೆಯ ಮನೆಗೆ ಮುಟ್ಟುವುದು ಹೇಗೆ?

ಈ ಕೆಲಸದಲ್ಲಿ ಟಿ.ವಿ. ಏನು ಮಾಡಬಲ್ಲದು ಎಂಬುದು ಇಂದಿನ ವಿಷಯ. ಟಿ.ವಿ. ಎಂದೊಡನೆ ಧಾರಾವಾಹಿ, ಕ್ರಿಕೆಟ್, ವಾರ್ತೆ ನೆನಪಾಗುವುದು ಸಹಜ. ಆದರೆ ಇಲ್ಲಿ ಹೇಳಹೊರಟಿರುವುದು ವಾರ್ತೆಯ ಕೊನೆಯಲ್ಲಿ ಬರುವ ಹವಾಮಾನ ವರದಿಯ ಬಗ್ಗೆ ಅಲ್ಲ. ಕಾರ್ಯಕ್ರಮವನ್ನು ಹೊತ್ತು ತರುವ ತರಂಗ, ಅದನ್ನು ಬಿತ್ತುವ ಗೋಪುರ ಮತ್ತು ಉಪಗ್ರಹ, ಅದನ್ನು ಹಿಡಿಯುವ ಪೆಟ್ಟಿಗೆ ಇವುಗಳನ್ನೇ ಎಚ್ಚರಿಕೆಯ ಗಂಟೆಯಾಗಿ ಬಳಸುವ ಬಗ್ಗೆ. ಇದು ಹೊಸ ಆಲೋಚನೆಯಲ್ಲ, ಪರದೇಶದಿಂದ ತಂದದ್ದೂ ಅಲ್ಲ. ನಾಲ್ಕು ದಶಕಗಳ ಹಿಂದೆಯೇ ಭಾರತದಲ್ಲಿ ಇದು ಕೆಲಸ ಮಾಡಿತ್ತು. ಅದಕ್ಕೆ ಬಳಸಿದ ಉಪಗ್ರಹದ ಕಡಿವಾಣ ಇದ್ದದ್ದು ನಮ್ಮ ಹಾಸನದಲ್ಲೇ.

ಪುನರ್ವಸು ಮಳೆಯ ಒಂದು ಬೆಳಗು

ಉತ್ತರ ಕನ್ನಡ ಜಿಲ್ಲೆಗೆ ಈ ಪ್ರಶ್ನೆ ಕೇವಲ ಚರ್ಚೆಯ ವಿಷಯವಲ್ಲ. 2009ರ ಅಕ್ಟೋಬರ್ ಆರಂಭದಲ್ಲಿ ಕಾರವಾರದ ಬಳಿಯ ಕಡವಾಡದಲ್ಲಿ ಗುಡ್ಡ ಕುಸಿದು 19 ಮಂದಿ ಮಣ್ಣಿನಡಿ ಸತ್ತರು. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ಮನೆ, ತೋಟ, ರಸ್ತೆಗಳು ಹಾಳಾದವು. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ಒಂದೇ ಕುಟುಂಬದ ನಾಲ್ವರು ಪ್ರಾಣ ಬಿಟ್ಟರು.

2024ರ ಜುಲೈ 16ರ ಬೆಳಿಗ್ಗೆ, ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದ್ದಾಗ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಇಳಿಯಿತು. ರಸ್ತೆ ಬದಿಯ ಚಹಾ ಅಂಗಡಿ, ನಿಂತಿದ್ದ ವಾಹನಗಳು ಮಣ್ಣಿನೊಂದಿಗೆ ಗಂಗಾವಳಿ ನದಿ ಸೇರಿದವು. ಅಷ್ಟು ಮಣ್ಣು ಒಮ್ಮೆಲೇ ಬಿದ್ದಾಗ ನದಿಯ ನೀರು ಅಲೆಯಾಗಿ ಎದ್ದು ಆಚೆ ದಡದ ಉಳುವರೆ ಗ್ರಾಮದ ಮನೆಗಳಿಗೆ ಬಡಿಯಿತು. ಸತ್ತವರು, ಕಣ್ಮರೆಯಾದವರು ಸೇರಿ ಹನ್ನೊಂದು ಮಂದಿ. ಅದೇ ತಿಂಗಳ 30ರಂದು, ಜನ ಮಲಗಿದ್ದ ಅಪರಾತ್ರಿಯಲ್ಲಿ, ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತರು.

ಮಳೆಯ ಮುನ್ಸೂಚನೆ ಇರಲೇ ಇಲ್ಲ ಎನ್ನುವಂತಿಲ್ಲ. ಕರಾವಳಿಯಲ್ಲಿ ಭಾರೀ ಮಳೆಯಾಗಲಿದೆ ಎಂದು ಹವಾಮಾನ ಇಲಾಖೆ ಹೇಳುತ್ತದೆ. ಕೆಂಪು, ಕಿತ್ತಳೆ, ಹಳದಿ ಎಂದು ಬಣ್ಣವನ್ನೂ ಹಚ್ಚುತ್ತದೆ. ಆದರೆ ಆ ಮಾತು ಇಡೀ ಜಿಲ್ಲೆಗೆ ಸಂಬಂಧಿಸಿದ್ದು. ಕಾರವಾರದ ಕಡಲಿನಿಂದ ಸಿದ್ದಾಪುರದ ಘಟ್ಟದವರೆಗೆ ಹರಡಿದ ಜಿಲ್ಲೆಯಲ್ಲಿ 'ಭಾರೀ ಮಳೆ' ಎಂಬುದು ಆಷಾಢದಲ್ಲಿ ದಿನನಿತ್ಯದ ಸುದ್ದಿ. ಯಾವ ಗುಡ್ಡ ಯಾವ ಗಳಿಗೆಯಲ್ಲಿ ಜಾರುತ್ತದೆ ಎಂದು ಕರಾರುವಾಕ್ಕಾಗಿ ಹೇಳುವ ಶಕ್ತಿ ವಿಜ್ಞಾನಕ್ಕೆ ಇನ್ನೂ ಬಂದಿಲ್ಲ, ನಿಜ. ಆದರೆ ಯಾವ ಪಂಚಾಯ್ತಿಯಲ್ಲಿ ಎಷ್ಟು ಮಳೆ ಬಿತ್ತು ಎಂಬುದು ಇಂದು ಬೆಂಗಳೂರಿನಲ್ಲಿ ಕೂತವರಿಗೂ ಕೂಡಲೇ ತಿಳಿಯುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯ್ತಿ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ಅಂದರೆ ಮಾಹಿತಿ ಗುಡ್ಡದಿಂದ ರಾಜಧಾನಿಗೆ ನಿಮಿಷಗಳಲ್ಲಿ ಹೋಗುತ್ತದೆ. ರಾಜಧಾನಿಯಿಂದ ಗುಡ್ಡದ ಬುಡದ ಮನೆಗೆ ಹಿಂದಿರುಗುವ ದಾರಿಯೇ ಕಷ್ಟದ್ದು.

ಡಂಗುರ ಕಲಿಸಿದ ಪಾಠ

ಹಿಂದೆ ಈ ದಾರಿ ಹೇಗಿತ್ತು ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಊರಿಗೆ ಸುದ್ದಿ ಮುಟ್ಟಿಸಲು ಡಂಗುರ ಇತ್ತು. ದೇವಸ್ಥಾನದ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಿದರೆ ಏನೋ ಆಗಿದೆ ಎಂದು ಜನ ಹೊರಗೆ ಬರುತ್ತಿದ್ದರು. ಘಟ್ಟದ ಕೆಳಗೂ ಮೇಲೂ ಮನೆಗಳು ಸಾಲುಗೇರಿಯಲ್ಲಿ ಇಲ್ಲ. ತೋಟಕ್ಕೊಂದು, ದರೆಗೊಂದು ಎಂಬಂತೆ ಚದುರಿವೆ. ಅಲ್ಲಿ ಒಂದು ಮನೆಯವರು 'ಕೂ' ಹಾಕಿದರೆ ಪಕ್ಕದ ಮನೆಯವರು ಓಗೊಡುತ್ತಿದ್ದರು. ದೂರವನ್ನು ಅಳೆಯಲು 'ಕೂಗಳತೆ' ಎಂಬ ಮಾತು ಕನ್ನಡಕ್ಕೆ ಬಂದದ್ದೇ ಹೀಗೆ.

ಡಂಗುರಕ್ಕೆ ಮೂರು ಗುಣಗಳಿದ್ದವು. ಒಂದು, ಅದು ಮಲಗಿದವರನ್ನೂ ಎಬ್ಬಿಸುತ್ತಿತ್ತು; ಕೇಳಬೇಕೆಂದು ಕಾದು ಕೂತವರಿಗೆ ಮಾತ್ರ ಕೇಳಿಸುವ ಸದ್ದು ಅದಲ್ಲ. ಎರಡು, ಯಾವ ಕೇರಿಗೆ ಬೇಕೋ ಆ ಕೇರಿಗೆ ಹೋಗುತ್ತಿತ್ತು. ಹೊಳೆ ಬದಿಯವರಿಗೆ ಹೇಳಬೇಕಾದದ್ದನ್ನು ಗುಡ್ಡದ ಮೇಲಿನವರಿಗೆ ಹೇಳಿ ಗಾಬರಿ ಹುಟ್ಟಿಸುತ್ತಿರಲಿಲ್ಲ. ಮೂರು, ಬಾರಿಸುವವನು ಊರಿಗೆ ಗೊತ್ತಿದ್ದ ಮನುಷ್ಯ. ಅವನ ಮಾತನ್ನು ಜನ ನಂಬುತ್ತಿದ್ದರು. ಜೊತೆಗೆ, ಅವನಿಗೆ ಕರೆಂಟು ಬೇಕಿರಲಿಲ್ಲ. ಇಂದಿನ ಯಾವ ತಂತ್ರಜ್ಞಾನವನ್ನೇ ತೆಗೆದುಕೊಳ್ಳಿ, ಈ ಗುಣಗಳು ಅದರಲ್ಲಿ ಇವೆಯೇ ಎಂದು ಕೇಳಿದರೆ ಸಾಕು. ಅದು ಎಚ್ಚರಿಕೆಗೆ ಒದಗುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.

ಮೇಲ್ನೋಟಕ್ಕೆ ಟಿ.ವಿ. ಈ ಪರೀಕ್ಷೆಯಲ್ಲಿ ಸೋಲುತ್ತದೆ. ಅದು ನೋಡುವವರಿಗಾಗಿ ಹುಟ್ಟಿದ ಯಂತ್ರ. ಗುಂಡಿ ಒತ್ತಿ ಆರಿಸಿದರೆ ಅದು ಮೂಕ. ಆದರೆ ಅದರ ಬೆನ್ನ ಹಿಂದಿರುವ ಪ್ರಸಾರ ವ್ಯವಸ್ಥೆಗೆ ಒಂದು ದೊಡ್ಡ ಶಕ್ತಿ ಇದೆ. ಕೇಳುವವರು ಹತ್ತು ಮಂದಿ ಇರಲಿ, ಹತ್ತು ಲಕ್ಷ ಇರಲಿ, ಅದಕ್ಕೆ ಭಾರ ಒಂದೇ. ಜಾತ್ರೆಯ ದಿನ ಎಲ್ಲರೂ ಒಮ್ಮೆಲೇ ಫೋನ್ ಮಾಡತೊಡಗಿದರೆ ಯಾರ ಫೋನೂ ಹೋಗುವುದಿಲ್ಲ. ಪ್ರವಾಹ ಬಂದಾಗ ಆಗುವುದೂ ಅದೇ. ಪ್ರಸಾರಕ್ಕೆ ಈ ಕಷ್ಟವಿಲ್ಲ. ಮಳೆ ಎಲ್ಲ ಗದ್ದೆಯ ಮೇಲೂ ಬಿದ್ದಂತೆ ತರಂಗ ಎಲ್ಲ ಮನೆಯ ಮೇಲೂ ಬೀಳುತ್ತಿರುತ್ತದೆ.

ಗುಲ್ಬರ್ಗದಿಂದ ಹಾಸನಕ್ಕೆ

ಉಪಗ್ರಹದ ಮೂಲಕ ಹಳ್ಳಿಗೆ ನೇರವಾಗಿ ಮಾತು ಮುಟ್ಟಿಸಬಹುದು ಎಂಬುದನ್ನು ಭಾರತ ಮೊದಲು ಕಂಡುಕೊಂಡದ್ದು 1975ರಲ್ಲಿ. ಆ ವರ್ಷ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ 'ಸೈಟ್' ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಹೈದರಾಬಾದ್ ಕರ್ನಾಟಕದ ಹಳ್ಳಿಗರು ಟಿ.ವಿ. ನೋಡಿದ್ದರು ಎಂದರೆ ಇಂದಿನ ಪೀಳಿಗೆಗೆ ಆಶ್ಚರ್ಯವಾದೀತು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ ಸಾರ್ವಜನಿಕ ಸ್ಥಳದಲ್ಲಿ ನಿಂತಿತು. ವಿದ್ಯುತ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಟಿ.ವಿ. ಬ್ಯಾಟರಿಯ ಮೇಲೆ ನಡೆಯಿತು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು.

ಮುಂದಿನ ಪಾಠವನ್ನು ಕಲಿಸಿದ್ದು ದುರಂತ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಗೆ ಬಡಿದ ಚಂಡಮಾರುತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಗಾಳಿ ಎದ್ದಾಗ ತಂತಿ ಕಡಿದು, ದೂರವಾಣಿ ಸತ್ತು, ಕರಾವಳಿಯ ಹಳ್ಳಿಗಳು ಹೊರಜಗತ್ತಿನಿಂದ ಕಳಚಿಕೊಳ್ಳುತ್ತವೆ. ಆದ್ದರಿಂದ ತಂತಿ, ಕಂಬಗಳನ್ನು ನಂಬದ ದಾರಿ ಬೇಕು ಎಂಬುದು ಸ್ಪಷ್ಟವಾಯಿತು.

1983ರ ಆಗಸ್ಟ್ 30ರಂದು ಇನ್‌ಸ್ಯಾಟ್-1ಬಿ ಉಪಗ್ರಹ ಆಕಾಶಕ್ಕೇರಿತು. ಅದರ ನಿಯಂತ್ರಣ ಕೇಂದ್ರ ಹಾಸನ. ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ದೇಶದ ಮೂಲೆಮೂಲೆಗೆ ಹರಡಿದ್ದು ಈ ಉಪಗ್ರಹದ ಬಲದಿಂದ. ಸಣ್ಣ ಸಣ್ಣ ಮರುಪ್ರಸಾರ ಕೇಂದ್ರಗಳು ಒಂದರ ಹಿಂದೆ ಒಂದು ತಲೆಯೆತ್ತಿದ ಕಾಲ ಅದು. ಅದೇ ಉಪಗ್ರಹದಲ್ಲಿ, ಟಿ.ವಿ. ಕಾರ್ಯಕ್ರಮಗಳನ್ನು ಬಿತ್ತರಿಸಲು ಇಟ್ಟಿದ್ದ ಎಸ್-ಬ್ಯಾಂಡ್ ಎಂಬ ದಾರಿಯಲ್ಲೇ, ಇನ್ನೊಂದು ಪುಟ್ಟ ಸಂಕೇತಕ್ಕೂ ಜಾಗ ಮಾಡಲಾಯಿತು. ಅದೇ ಚಂಡಮಾರುತ ಎಚ್ಚರಿಕೆ ವ್ಯವಸ್ಥೆ.

ಅದರ ರಚನೆ ಸರಳವಾಗಿತ್ತು. ಉತ್ತರ ತಮಿಳುನಾಡು ಮತ್ತು ದಕ್ಷಿಣ ಆಂಧ್ರದ ಕರಾವಳಿಯ ಕಚೇರಿಗಳಲ್ಲಿ ಮೊದಲಿಗೆ ಸುಮಾರು ನೂರು ವಿಶೇಷ ರಿಸೀವರುಗಳನ್ನು ಇಡಲಾಯಿತು. ಪ್ರತಿ ಪೆಟ್ಟಿಗೆಗೂ ಅದರದೇ ಆದ ಗುರುತಿನ ಸಂಖ್ಯೆ. ಪೆಟ್ಟಿಗೆ ಸದಾ ಅರೆನಿದ್ದೆಯಲ್ಲಿ ಕಿವಿ ತೆರೆದು ಕೂತಿರುತ್ತಿತ್ತು. ಮದ್ರಾಸಿನ ಚಂಡಮಾರುತ ಮುನ್ನೆಚ್ಚರಿಕೆ ಕೇಂದ್ರದಿಂದ ಉಪಗ್ರಹದ ಮೂಲಕ ತನ್ನ ಸಂಖ್ಯೆ ಬಂತೆಂದರೆ ಅದು ತಾನಾಗಿ ಎಚ್ಚೆತ್ತು ಸೈರನ್ ಹೊಡೆಯುತ್ತಿತ್ತು. ಆಮೇಲೆ ಮನುಷ್ಯನ ಧ್ವನಿಯಲ್ಲಿ, ಆ ಊರಿನ ಭಾಷೆಯಲ್ಲಿ ಸಂದೇಶ. ನೆಲ್ಲೂರಿಗೆ ಗಾಳಿ ಬರುವುದಾದರೆ ನೆಲ್ಲೂರಿನ ಪೆಟ್ಟಿಗೆಗಳು ಮಾತ್ರ ಕೂಗುತ್ತಿದ್ದವು, ವಿಶಾಖಪಟ್ಟಣದವು ಸುಮ್ಮನಿರುತ್ತಿದ್ದವು. ಮುಂದೆ ಈ ಪೆಟ್ಟಿಗೆಗಳ ಸಂಖ್ಯೆ 250 ದಾಟಿತು.

1990ರ ಮೇ 9ರಂದು ಕೃಷ್ಣಾ ನದಿಯ ಮುಖದ ಬಳಿ ಮತ್ತೊಂದು ಭೀಕರ ಚಂಡಮಾರುತ ಅಪ್ಪಳಿಸಿತು. ಈ ಸಲ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸತ್ತವರ ಸಂಖ್ಯೆ ಸಾವಿರದೊಳಗೆ ಉಳಿಯಿತು. ಅದು ಸಣ್ಣ ಸಂಖ್ಯೆಯಲ್ಲ. ಆದರೆ 1977ರ ಪಕ್ಕದಲ್ಲಿಟ್ಟು ನೋಡಿದಾಗ ವ್ಯತ್ಯಾಸ ತಿಳಿಯುತ್ತದೆ. ಇದರ ಪೂರ್ತಿ ಕೀರ್ತಿ ಪೆಟ್ಟಿಗೆಗೆ ಸಲ್ಲದು. ಆಶ್ರಯ ಕಟ್ಟಡಗಳು, ಮನೆಮನೆಗೆ ಓಡಾಡಿದ ಕಂದಾಯ ಸಿಬ್ಬಂದಿ, ರೇಡಿಯೊ ಎಲ್ಲಕ್ಕೂ ಪಾಲಿದೆ. ಆದರೂ ಎಚ್ಚರಿಕೆ ಮೇಲಿನಿಂದ ಕೆಳಗಿನವರೆಗೆ ಕಡಿಯದೆ ಇಳಿದುಬರಲು ಆ ದಾರಿ ನೆರವಾಯಿತು. ಡಂಗುರದ ಗುಣಗಳಲ್ಲಿ ಎರಡು ಆ ಪೆಟ್ಟಿಗೆಯಲ್ಲಿದ್ದವು: ಅದು ಎಬ್ಬಿಸುತ್ತಿತ್ತು, ಮತ್ತು ಕೇರಿ ಹುಡುಕಿಕೊಂಡು ಹೋಗುತ್ತಿತ್ತು.

ಗುಡ್ಡ ಒಂದು ಕಡೆ, ಮಳೆ ಇನ್ನೊಂದು ಕಡೆ

ಬಯಲಿನ ಕರಾವಳಿಗೆ ಹೊಂದಿದ ಈ ವ್ಯವಸ್ಥೆ ಯಾಣದಂಥ ಜಾಗಕ್ಕೆ ಹೊಂದೀತೇ? ಇದಕ್ಕೆ ಉತ್ತರ ಹುಡುಕಲು ತರಂಗಗಳ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು.

ಎಂಬತ್ತರ ದಶಕದ ಮಲೆನಾಡನ್ನು ಕಂಡವರಿಗೆ ಒಂದು ದೃಶ್ಯ ನೆನಪಿರಬಹುದು. ಉದ್ದ ಬಿದಿರಿನ ತುದಿಗೋ ಅಡಿಕೆ ಮರದ ತುದಿಗೋ ಕಟ್ಟಿದ ಆಂಟೆನಾ. ಮೇಲೆ ಹತ್ತಿದವನು 'ಬಂತಾ?' ಎಂದು ಕೂಗುವುದು, ಒಳಗಿನಿಂದ 'ಇಲ್ಲ, ಇನ್ನೂ ಸ್ವಲ್ಪ ತಿರುಗಿಸು' ಎಂಬ ಉತ್ತರ. ನೆಲದ ಮೇಲಿನ ಗೋಪುರದಿಂದ ಹೊರಡುವ ಟಿ.ವಿ. ತರಂಗ ಬಹುಮಟ್ಟಿಗೆ ನೇರ ಗೆರೆಯಲ್ಲಿ ಓಡುತ್ತದೆ. ಎದುರಿಗೆ ಗುಡ್ಡ ಬಂದರೆ ಅದರ ಹಿಂದೆ ನೆರಳು. ಸುತ್ತಲೂ ಗುಡ್ಡ ಕವಿದ ಯಾಣದಂಥ ಕಣಿವೆ ಆ ನೆರಳಿನಲ್ಲೇ ಇರುತ್ತದೆ.

ಉಪಗ್ರಹ ಈ ತೊಡಕನ್ನು ಬಿಡಿಸಿತು. ದೂರದರ್ಶನದ ಉಚಿತ ಡಿಶ್ ಸೇವೆಯ ಉಪಗ್ರಹ ಉತ್ತರ ಕನ್ನಡದಿಂದ ನೋಡಿದರೆ ದಿಗಂತದಿಂದ ಸುಮಾರು 60 ಡಿಗ್ರಿ ಮೇಲೆ ಇರುತ್ತದೆ. ಅಷ್ಟು ಎತ್ತರದಿಂದ ಇಳಿಯುವ ತರಂಗವನ್ನು ಪಕ್ಕದ ಗುಡ್ಡ ತಡೆಯಲಾರದು. 2004ರ ಕೊನೆಯಲ್ಲಿ ಆರಂಭವಾದ ಈ ಸೇವೆ ಮತ್ತು ಖಾಸಗಿ ಡಿ.ಟಿ.ಎಚ್.ಗಳಿಂದಾಗಿ ಇಂದು ಕಾಡಿನ ನಡುವಿನ ಹಂಚಿನ ಮನೆಯ ಮೇಲೂ ಡಿಶ್ ಕಾಣುತ್ತದೆ. ಮೊಬೈಲ್ ಮಾತಾಡಲು ಗುಡ್ಡ ಹತ್ತಬೇಕಾದ ಊರುಗಳಲ್ಲೂ ಟಿ.ವಿ. ಇದೆ.

ಆದರೆ ಗುಡ್ಡ ಬಿಟ್ಟುಕೊಟ್ಟದ್ದನ್ನು ಮಳೆ ಕಿತ್ತುಕೊಂಡಿತು. ಡಿಶ್‌ಗಳು ಬಳಸುವುದು ಕು-ಬ್ಯಾಂಡ್ ತರಂಗಗಳನ್ನು. ಅವುಗಳ ತರಂಗಾಂತರ ಎರಡೂವರೆ ಸೆಂಟಿಮೀಟರ್ ಆಸುಪಾಸು. ಮಳೆಹನಿಯ ಗಾತ್ರ ಕೆಲವು ಮಿಲಿಮೀಟರ್. ಎರಡೂ ಗಾತ್ರಗಳು ಇಷ್ಟು ಹತ್ತಿರವಾದಾಗ ದಟ್ಟ ಮಳೆ ತರಂಗವನ್ನು ಹೀರುತ್ತದೆ, ಚದುರಿಸುತ್ತದೆ. ಜೋರು ಮಳೆ ಬಂದ ಕೂಡಲೇ ಪರದೆಯ ಮೇಲೆ 'ಸಿಗ್ನಲ್ ಇಲ್ಲ' ಎಂಬ ಬರಹ ಮೂಡುವುದು ಇದಕ್ಕೇ. ಎಚ್ಚರಿಕೆ ಅತ್ಯಂತ ಅಗತ್ಯವಾದ ಗಳಿಗೆಯಲ್ಲೇ ಕಣ್ಣುಮುಚ್ಚುವ ಕಾವಲುಗಾರನಂತೆ ಇದು.

ಇನ್‌ಸ್ಯಾಟ್‌ನ ಎಸ್-ಬ್ಯಾಂಡ್ ತರಂಗದ ಉದ್ದ ಹನ್ನೆರಡು ಸೆಂಟಿಮೀಟರ್‌ಗೆ ಹತ್ತಿರ. ಅದಕ್ಕೆ ಮಳೆ ದೊಡ್ಡ ಅಡ್ಡಿಯೇ ಅಲ್ಲ. ನೆಲದ ಗೋಪುರಗಳ ತರಂಗಗಳು ಅದಕ್ಕೂ ಉದ್ದ. ಅವಕ್ಕೂ ಮಳೆಯ ಭಯವಿಲ್ಲ, ಗುಡ್ಡದ ಭಯ ಮಾತ್ರ. ಮೇಲಿನಿಂದ ಬರುವುದರಿಂದ ಗುಡ್ಡವನ್ನೂ, ಉದ್ದವಾಗಿರುವುದರಿಂದ ಮಳೆಯನ್ನೂ ಒಟ್ಟಿಗೆ ಗೆಲ್ಲಬಲ್ಲ ದಾರಿ ಎಂಬತ್ತರ ದಶಕದ ಆ ಎಚ್ಚರಿಕೆ ಪೆಟ್ಟಿಗೆಯಲ್ಲಿತ್ತು ಎಂಬುದು ಗಮನಾರ್ಹ.

ದೂರದರ್ಶನದ ನೆಲದ ಗೋಪುರಗಳ ಕಥೆಯೂ ಬದಲಾಗಿದೆ. ನೋಡುವವರು ಇಲ್ಲವಾದರು ಎಂಬ ಕಾರಣಕ್ಕೆ ಹಳೆಯ ಅನಲಾಗ್ ಮರುಪ್ರಸಾರ ಕೇಂದ್ರಗಳನ್ನು 2022ರ ಮಾರ್ಚ್ ಹೊತ್ತಿಗೆ, ಆಯಕಟ್ಟಿನ ಸುಮಾರು ಐವತ್ತನ್ನು ಬಿಟ್ಟು, ಹಂತ ಹಂತವಾಗಿ ಮುಚ್ಚಲಾಯಿತು. ಮನರಂಜನೆಯ ಲೆಕ್ಕದಲ್ಲಿ ಇದು ಸರಿಯೇ. ವಿಪತ್ತಿನ ಲೆಕ್ಕದಲ್ಲಿ ಮಾತ್ರ ಮಳೆಗೆ ಜಗ್ಗದ ಒಂದು ದಾರಿ ಕಡಿಮೆಯಾಯಿತು.

ಜಪಾನಿನ ಗಂಟೆ

ಟಿ.ವಿ.ಯನ್ನು ಎಚ್ಚರಿಕೆಯ ಗಂಟೆಯಾಗಿ ಹೆಚ್ಚು ಕಾಲದಿಂದ, ಹೆಚ್ಚು ಶಿಸ್ತಿನಿಂದ ಬಳಸಿರುವ ದೇಶ ಜಪಾನ್. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್.ಎಚ್.ಕೆ. 1985ರ ಸೆಪ್ಟೆಂಬರ್ 1ರಿಂದ ತುರ್ತು ಎಚ್ಚರಿಕೆ ಪ್ರಸಾರ ನಡೆಸುತ್ತಿದೆ. ಪ್ರಸಾರದಲ್ಲಿ ವಿಶೇಷ ಸಂಕೇತವೊಂದು ಹೊರಟರೆ, ಅದನ್ನು ಗುರುತಿಸುವ ಸಾಧನವಿರುವ ಟಿ.ವಿ. ಅಥವಾ ರೇಡಿಯೊ ಆರಿಸಿಟ್ಟಿದ್ದರೂ ತಾನಾಗಿ ಹೊತ್ತಿಕೊಳ್ಳುತ್ತದೆ. ಪ್ರತಿ ತಿಂಗಳೂ ಪರೀಕ್ಷಾ ಪ್ರಸಾರ ನಡೆಯುತ್ತದೆ. 2007ರ ಅಕ್ಟೋಬರಿನಿಂದ ಭೂಕಂಪದ ಮುನ್ಸೂಚನೆಯೂ ಪರದೆಯ ಮೇಲೆ ಬರುತ್ತಿದೆ. ಭೂಕಂಪದ ಮೊದಲ ಸಣ್ಣ ಕಂಪನವನ್ನು ಹಿಡಿದು, ದೊಡ್ಡ ಕಂಪನ ತಲುಪುವ ಕೆಲವು ಸೆಕೆಂಡು ಮೊದಲು ಜನರನ್ನು ಎಚ್ಚರಿಸುವ ವ್ಯವಸ್ಥೆ ಅದು.

ಇಷ್ಟಿದ್ದೂ 2011ರ ಮಾರ್ಚ್ 11ರಂದು ಜಪಾನ್ ಕಹಿ ಪಾಠ ಕಲಿಯಿತು. ಭೂಕಂಪವಾದ ಮೂರೇ ನಿಮಿಷದಲ್ಲಿ ಸುನಾಮಿ ಎಚ್ಚರಿಕೆ ಹೊರಟಿತು. ಆದರೆ ಮೊದಲ ಅಂದಾಜು ಮಿಯಾಗಿಯಲ್ಲಿ 6 ಮೀಟರ್, ಇವಾಟೆಯಲ್ಲಿ 3 ಮೀಟರ್ ಅಲೆ ಎಂದಷ್ಟೇ ಹೇಳಿತು. ಆಮೇಲೆ ಅದನ್ನು ಏರಿಸಿ ಹೇಳುವ ಹೊತ್ತಿಗೆ ಕರಾವಳಿಯ ಹಲವೆಡೆ ಕರೆಂಟು ಹೋಗಿತ್ತು. ಸರಿಪಡಿಸಿದ ಮಾತು ಅನೇಕರಿಗೆ ಮುಟ್ಟಲೇ ಇಲ್ಲ. ಮೂರು ಮೀಟರ್ ತಾನೆ, ತಡೆಗೋಡೆ ಇದೆಯಲ್ಲ ಎಂದು ಉಳಿದವರೂ ಇದ್ದರು.

ಆ ಬಳಿಕ ಜಪಾನ್ ಎರಡು ತಿದ್ದುಪಡಿ ಮಾಡಿಕೊಂಡಿತು. ಭಾರೀ ಭೂಕಂಪವಾದರೆ ಮೊದಲ ಎಚ್ಚರಿಕೆಯಲ್ಲಿ ಅಂಕಿ ಹೇಳದೆ 'ಬೃಹತ್ ಅಲೆ' ಎಂದಷ್ಟೇ ಹೇಳುವುದು ಒಂದು. ವಾಚಕರ ಧಾಟಿ ಬದಲಿಸುವುದು ಇನ್ನೊಂದು. ಶಾಂತವಾಗಿ ಓದುವ ಬದಲು ಅವರು ಆಜ್ಞೆಯ ದನಿಯಲ್ಲಿ ಕೂಗುತ್ತಾರೆ. 2024ರ ಜನವರಿ 1ರಂದು ನೋಟೊ ಭೂಕಂಪವಾದಾಗ ಎನ್.ಎಚ್.ಕೆ. ವಾಚಕಿಯೊಬ್ಬರು, ಟಿ.ವಿ. ನೋಡುತ್ತ ನಿಲ್ಲದೆ ಓಡಿಹೋಗಿ ಎಂದು ಕೂಗಿದ್ದನ್ನು ಜಗತ್ತು ಕೇಳಿತು. ತನ್ನನ್ನು ನೋಡಬೇಡಿ ಎಂದು ಟಿ.ವಿ.ಯೇ ಹೇಳಬೇಕಾದ ಗಳಿಗೆ ಅದು.

ಹುಸಿ ಗಂಟೆಯ ಅಪಾಯ

ನಂಬಿಕೆಯ ಪ್ರಶ್ನೆ ಇರುವುದು ಇಲ್ಲೇ. 2018ರ ಜನವರಿ 13ರ ಬೆಳಿಗ್ಗೆ ಅಮೆರಿಕದ ಹವಾಯಿ ದ್ವೀಪಗಳಲ್ಲಿ ಕ್ಷಿಪಣಿ ದಾಳಿಯಾಗಲಿದೆ ಎಂಬ ಎಚ್ಚರಿಕೆ ಟಿ.ವಿ., ರೇಡಿಯೊ, ಮೊಬೈಲ್‌ಗಳಲ್ಲಿ ಒಟ್ಟಿಗೆ ಮೊಳಗಿತು. ಅದು ಸುಳ್ಳು ಎಂದು ಮೊಬೈಲ್‌ಗಳಿಗೆ ತಿದ್ದುಪಡಿ ಹೋಗಲು 38 ನಿಮಿಷ ಹಿಡಿಯಿತು. ಅಷ್ಟು ಹೊತ್ತು ಜನ ಮಕ್ಕಳನ್ನು ಎತ್ತಿಕೊಂಡು ಅಡಗುದಾಣ ಹುಡುಕಿದರು. ಎಲ್ಲ ಮನೆಯನ್ನೂ ಒಂದೇ ಕ್ಷಣಕ್ಕೆ ಎಬ್ಬಿಸಬಲ್ಲ ಯಂತ್ರ ಎಲ್ಲ ಮನೆಯನ್ನೂ ಒಂದೇ ಕ್ಷಣಕ್ಕೆ ಬೆದರಿಸಲೂಬಲ್ಲದು.

ಬೇಡದ ಸದ್ದಿನ ತೊಂದರೆ ಇನ್ನೂ ಸೂಕ್ಷ್ಮ. 'ತೋಳ ಬಂತು ತೋಳ' ಎಂದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಜಿಲ್ಲೆಗೆಲ್ಲ ಒಂದೇ ಕೆಂಪು ಬಣ್ಣ ಹಚ್ಚಿ, ಹತ್ತು ಸಲ ಎಚ್ಚರಿಸಿ, ಹತ್ತು ಸಲವೂ ನಮ್ಮ ಊರಿಗೆ ಏನೂ ಆಗದಿದ್ದರೆ, ಹನ್ನೊಂದನೆಯ ಸಲ ಯಾರೂ ಹಾಸಿಗೆ ಬಿಟ್ಟು ಏಳುವುದಿಲ್ಲ. ಆದ್ದರಿಂದಲೇ ಡಂಗುರದ ಎರಡನೆಯ ಗುಣ, ಅಂದರೆ ಬೇಕಾದ ಕೇರಿಗಷ್ಟೇ ಹೋಗುವುದು, ಮೂರನೆಯ ಗುಣವಾದ ನಂಬಿಕೆಗೆ ತಳಹದಿ.

ಮರಳಿ ಬಂದ ಪ್ರಸಾರ

ನಮ್ಮ ದೇಶದಲ್ಲಿ ಇಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಎಂಬ ವ್ಯವಸ್ಥೆ ಇದೆ. ಇದನ್ನು ರೂಪಿಸಿದ್ದು ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್. ಎಚ್ಚರಿಕೆಯನ್ನು ಜಗತ್ತೆಲ್ಲ ಒಪ್ಪಿದ ಒಂದೇ ನಮೂನೆಯಲ್ಲಿ ಬರೆಯುವುದು ಇದರ ತಿರುಳು. ಏನು ಆಗಲಿದೆ, ಎಷ್ಟು ಬೇಗ, ಎಷ್ಟು ತೀವ್ರ, ಎಷ್ಟು ಖಚಿತ, ಯಾವ ಪ್ರದೇಶಕ್ಕೆ ಎಂಬುದು ಆ ನಮೂನೆಯ ಮನೆಗಳಲ್ಲಿ ತುಂಬಿರುತ್ತದೆ. ಹೀಗೆ ಒಮ್ಮೆ ಬರೆದ ಸಂದೇಶವನ್ನು ಮೊಬೈಲ್, ಟಿ.ವಿ., ರೇಡಿಯೊ, ಸೈರನ್ ಯಾವುದು ಬೇಕಾದರೂ ಓದಿಕೊಳ್ಳಬಹುದು.

2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲ್‌ಗಳು ಒಮ್ಮೆಲೇ ವಿಚಿತ್ರ ಸದ್ದು ಮಾಡಿ ನಡುಗಿದ್ದು ಅನೇಕರಿಗೆ ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ಎಂಬ ವಿಧಾನದ ಪರೀಕ್ಷೆ. ಮೊಬೈಲ್ ಗೋಪುರವು ಒಬ್ಬೊಬ್ಬರ ನಂಬರಿಗೆ ಸಂದೇಶ ಕಳಿಸದೆ, ತನ್ನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಂದೇ ಕೂಗು ಹಾಕುತ್ತದೆ. ಟಿ.ವಿ.ಯ ಪ್ರಸಾರ ತತ್ವವೇ ಮೊಬೈಲಿನ ಒಳಗೆ ಸೇರಿಕೊಂಡಿದೆ ಎನ್ನಬಹುದು. ಊರ ಹೊರಗಿನಿಂದ ಬಂದ ಪ್ರವಾಸಿಯ ಫೋನೂ ಕೂಗುತ್ತದೆ ಎಂಬುದು ಯಾಣದಂಥ ಜಾಗಕ್ಕೆ ದೊಡ್ಡ ಅನುಕೂಲ. ಆದರೆ ಗೋಪುರದ ಸಂಕೇತ ಸಿಗದ ಕಡೆ, ಕರೆಂಟು ಹೋಗಿ ಗೋಪುರದ ಬ್ಯಾಟರಿ ಮುಗಿದ ಕಡೆ, ಈ ಕೂಗೂ ಇಲ್ಲ.

ಟಿ.ವಿ. ತಂತ್ರಜ್ಞಾನವೂ ಸುಮ್ಮನಿಲ್ಲ. ಅಮೆರಿಕ, ದಕ್ಷಿಣ ಕೊರಿಯಾಗಳಲ್ಲಿ ಬಳಕೆಗೆ ಬಂದಿರುವ ಹೊಸ ಡಿಜಿಟಲ್ ಪ್ರಸಾರ ಪದ್ಧತಿಯಲ್ಲಿ, ಮಲಗಿದ ಟಿ.ವಿ.ಯನ್ನು ಎಬ್ಬಿಸುವ ಗುರುತನ್ನು ತರಂಗದ ಮೊದಲ ತುಣುಕಿನಲ್ಲೇ ಇಡಲಾಗಿದೆ. ಅದಕ್ಕೆ ಬೇಕಾದದ್ದು ಬರೀ ಎರಡು ಬಿಟ್, ಅಂದರೆ ಎರಡು ಸೊನ್ನೆ-ಒಂದುಗಳು. ಇದೇ ಪದ್ಧತಿಯ ಮೇಲೆ ನಿಂತ, ಇಂಟರ್‌ನೆಟ್ ಇಲ್ಲದೆ ಮೊಬೈಲಿಗೇ ಟಿ.ವಿ. ಪ್ರಸಾರ ಮುಟ್ಟಿಸುವ 'ಡೈರೆಕ್ಟ್ ಟು ಮೊಬೈಲ್' ತಂತ್ರದ ಮೇಲೆ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಮತ್ತು ಕಾನ್ಪುರದ ಐ.ಐ.ಟಿ. ಕೆಲಸ ಮಾಡಿವೆ. ಬೆಂಗಳೂರಿನಲ್ಲೂ ಇದರ ಪ್ರಯೋಗ ನಡೆದಿದೆ. ತುರ್ತು ಎಚ್ಚರಿಕೆಯನ್ನು ಇದರ ಮುಖ್ಯ ಉಪಯೋಗಗಳಲ್ಲಿ ಒಂದೆಂದು ಹೇಳಲಾಗಿದೆ. ಇದನ್ನು ಹಿಡಿಯಲು ಫೋನಿನಲ್ಲಿ ಬೇರೆ ಚಿಪ್ ಬೇಕು, ನೆಲದ ಮೇಲೆ ಹೊಸ ಗೋಪುರಗಳೂ ಬೇಕು. ಪ್ರಯೋಗಗಳ ಸುದ್ದಿಯಲ್ಲಿ ಕೇಳಿಬರುವುದು ನಗರಗಳ ಹೆಸರು. ಗುಡ್ಡದ ಹಿಂದಿನ ನೆರಳಿನ ಪ್ರಶ್ನೆ ಅಲ್ಲಿಯೂ ಹಾಗೆಯೇ ಉಳಿಯುತ್ತದೆ.

ಯಾಣಕ್ಕೆ ಬೇಕಾದದ್ದು

ಹೊನ್ನಾವರದ ಶರಾವತಿ ದಂಡೆಯವರಿಗೆ ಅಣೆಕಟ್ಟಿನ ಕಡೆಯಿಂದ ಎಚ್ಚರಿಕೆ ಬರುವುದು ರೂಢಿ. ಲಿಂಗನಮಕ್ಕಿ ತುಂಬುತ್ತ ಬಂದಾಗ ನದಿ ಬದಿಯವರಿಗೆ ಮೊದಲೇ ಸೂಚನೆ ಹೋಗುತ್ತದೆ. ನೀರು ಬಿಡುವವರೇ ಹೇಳುವವರೂ ಆಗಿರುತ್ತಾರೆ. ಆದರೆ ಯಾಣದ ಬಳಿ ಹುಟ್ಟುವ ಚಂಡಿಕಾ ಹೊಳೆ ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದು ಆ ನದಿಯ ಭಾಗ್ಯ. ಜೊತೆಗೆ, ಅಲ್ಲಿ ಬಾಗಿಲು ತೆರೆಯುವ ಮೊದಲು ಕೂಗುವವರೂ ಇಲ್ಲ. ಕುಸಿಯುವ ಗುಡ್ಡಕ್ಕಂತೂ ಬಾಗಿಲೇ ಇಲ್ಲ.

ಹಾಗಾದರೆ ಬೇಕಾದದ್ದೇನು? ಯಾವುದೋ ಒಂದೇ ಯಂತ್ರ ಎಲ್ಲವನ್ನೂ ಮಾಡಲಾರದು ಎಂಬುದು ಇಷ್ಟು ಹೊತ್ತಿನ ಕಥೆಯ ಸಾರ. ಗುಡ್ಡ ತಡೆಯದ, ಮಳೆ ಹೀರದ ಉಪಗ್ರಹ ತರಂಗದಲ್ಲಿ ಹಿಂದಿನ ಆ ಪೆಟ್ಟಿಗೆಯ ಹೊಸ ರೂಪ ಗ್ರಾಮ ಪಂಚಾಯ್ತಿ, ಶಾಲೆ, ದೇವಸ್ಥಾನಗಳಲ್ಲಿ ಇರಬೇಕು. ಅದಕ್ಕೆ ಬ್ಯಾಟರಿ ಇರಬೇಕು, ಕಣಿವೆಗೆ ಕೇಳುವ ಸೈರನ್ ಇರಬೇಕು. ಹಳೆಯ ಪೆಟ್ಟಿಗೆಗಿದ್ದಂತೆ ಪ್ರತಿ ಹಳ್ಳಿಗೂ ಒಂದು ಗುರುತಿನ ಸಂಖ್ಯೆ ಇರಬೇಕು. ಯಾವ ಮಳೆಮಾಪಕದ ಅಳತೆ ಮಿತಿ ಮೀರಿತೋ ಅದರ ಸುತ್ತಲಿನ ಹಳ್ಳಿಗಳು ಮಾತ್ರ ಎಚ್ಚರಗೊಳ್ಳಬೇಕು. ಮನೆಯ ಟಿ.ವಿ., ಮೊಬೈಲ್, ಬ್ಯಾಟರಿ ರೇಡಿಯೊ ಎಲ್ಲವೂ ಅದೇ ಮಾತನ್ನು ಪುನರುಚ್ಚರಿಸಬೇಕು. ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಕನ್ನಡದ ಜೊತೆಗೆ ಕೊಂಕಣಿ, ನವಾಯತಿ ಮಾತಾಡುವ ಮನೆಗಳೂ ಇವೆ. ಎಚ್ಚರಿಕೆ ಆ ಭಾಷೆಗಳಲ್ಲೂ ಇರಬೇಕು. 'ಭಾರೀ ಮಳೆಯ ಸಂಭವವಿದ್ದು ಸಾರ್ವಜನಿಕರು ಜಾಗರೂಕತೆ ವಹಿಸತಕ್ಕದ್ದು' ಎಂಬ ಕಚೇರಿಯ ಧಾಟಿ ಬೇಡ. 'ಗುಡ್ಡದ ಕೆಳಗಿನವರು ಈಗಲೇ ಶಾಲೆಗೆ ಬನ್ನಿ' ಎಂದರೆ ಸಾಕು.

ಕೊನೆಗೆ, ಶಾಲೆಯ ಬೀಗದ ಕೈ ಯಾರ ಬಳಿ ಇದೆ ಎಂಬುದೂ ಗೊತ್ತಿರಬೇಕು. 1999ರ ಅಕ್ಟೋಬರಿನ ಒಡಿಶಾ ಮಹಾ ಚಂಡಮಾರುತದ ಮುನ್ಸೂಚನೆ ಇತ್ತು. ಆದರೆ ಹೋಗಲು ಗಟ್ಟಿಯಾದ ಆಶ್ರಯಗಳು ಸಾಲದಾಗಿದ್ದವು. ಸುಮಾರು ಹತ್ತು ಸಾವಿರ ಜನ ಸತ್ತರು. ಎಬ್ಬಿಸಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದನ್ನು ಯಾವ ಉಪಗ್ರಹವೂ ತೀರ್ಮಾನಿಸುವುದಿಲ್ಲ. ಅದನ್ನು ಊರವರೇ ಕೂತು ಮೊದಲೇ ತೀರ್ಮಾನಿಸಬೇಕು.

ಪ್ರತಿ ವರ್ಷ ಮೃಗಶಿರ ಮಳೆ ಹಿಡಿಯುವ ಮೊದಲು ಮಲೆನಾಡಿನವರು ಹಂಚು ಸರಿಮಾಡುತ್ತಾರೆ, ಕಟ್ಟಿಗೆ ಒಳಗಿಡುತ್ತಾರೆ, ಅಡಿಕೆ ತೋಟದ ಬಸಿಗಾಲುವೆ ಬಿಡಿಸುತ್ತಾರೆ. ಆ ಕೆಲಸಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಬಹುದು: ಒಂದು ದಿನ ಸೈರನ್ ಬಾರಿಸಿ ನೋಡುವುದು, ಎಲ್ಲರೂ ಒಮ್ಮೆ ಶಾಲೆಯವರೆಗೆ ನಡೆದು ಬರುವುದು. ಜಪಾನಿನವರು ತಿಂಗಳಿಗೊಮ್ಮೆ ಗಂಟೆ ಬಾರಿಸುತ್ತಾರೆ. ನಮಗೆ ಮಳೆಗಾಲಕ್ಕೆ ಒಂದು ಸಲವಾದರೂ ಆದೀತು.